ಹವಳದ ತೊಟ್ಟಿಯೊಳಗಿನ ಹಲ್ಲಿ

ಅಕ್ವೇರಿಯಂನಾಗ ಹವಳ ಚಂದ ಬೆಳದಾವ, ಮೀನು ಮಾತ್ರ ಒಂದೊಂದ ಮಾಯ ಆಗ್ತಾವ ಅಂತ ಬೆಟಗೇರಿಯ ಒಂದು ಮನಿಯವರು ಮೀನಿನ ತೊಟ್ಟಿ ನೋಡಿಕೊಳ್ಳೂ ಕೆಲಸದ ನನ್ನ ಕರೆಸಿದ್ರು. ಬಗ್ಗಿ ನೋಡಿದೆ. ಹವಳದ ಕೆಳಗಿನ ಕಲ್ಲಿನ ತೂತಿನಾಗ ಎರಡು ಕಣ್ಣು ತಿರುಗತಿದ್ದವು. ಮುಂಗಾಲಿಲೆ ಗುದ್ದಿ ಬ್ಯಾಟಿ ಆಡೂ ಮ್ಯಾಂಟಿಸ್ ಸಿಗಡಿ. ತೊಟ್ಟಿಗೆ ತಂದು ಹಾಕಿದ ಸಮುದ್ರದ ಕಲ್ಲಿನ ಜೋಡಿನ ಬಂದು ಅಡಗಿ ಕುಂತಿತ್ತು.

"ಇದು ಹವಳ ತಿನ್ನಂಗಿಲ್ರಿ, ಆದ್ರ ಮೀನು ಬಿಡಂಗಿಲ್ಲ. ಗುದ್ದಿದ್ರ ಈ ಗಾಜೂ ಒಡೀತೈತಿ," ಅಂದೆ.

ತೊಟ್ಟಿ ಒಳಗಿಂದ ಟಕ್ ಅಂತು.

ಬಾಜೂಕ ಕುಂತಿದ್ದ ಆ ಮನಿ ಅಜ್ಜಿ, "ಖರೆ ಐತಿ. ಹಲ್ಲಿ ನುಡೀತು," ಅಂದ್ರು.

ತಿಂಗಳಗಟ್ಟಲೆ ಅವ್ರು ಸಿಗಡಿ ಗುದ್ದೂ ಆ ಸಪ್ಪಳಾ ಹಲ್ಲೀದಂತ ನಂಬಿದ್ರು. ಮೊಮ್ಮಗಳ ಲಗ್ನಾನೂ ಅದರ ಮಾತಿನ ಮ್ಯಾಲೆ ಗಟ್ಟಿ ಆಗಿತ್ತಂತ. ಹಲ್ಲಿ ನುಡಿದ್ರ ಬೆರಳಿಲೆ ನೆಲಾ ಬಡಿಯೂದು ರೂಢಿ. ಅಜ್ಜಿಗೆ ಬಗ್ಗಾಕ ಮೊಣಕಾಲ ನೋವು, ಅದಕ್ಕ ಬಾಜೂದ ತೊಟ್ಟಿ ಗಾಜು ಬಡೀತಿದ್ರು. "ಕೃಷ್ಣ, ಕೃಷ್ಣ" ಅಂತ ಈಗೂ ಕೈ ಎತ್ತಿದ್ರು.

ಅವ್ರು ಬಡಿಯೂ ಜಾಗದಾಗ ಗಾಜಿಗೆ ಕೂದಲೆಳಿಯಂಥ ಬಿರುಕು ಬಿದ್ದಿತ್ತು. ಸಿಗಡಿನೂ ತೂತು ಬಿಟ್ಟು ಅಲ್ಲೇ ಬಂದು ನಿಂತಿತ್ತು. ನಾ ಅಜ್ಜಿ ಕೈ ಗಟ್ಟಿ ಹಿಡಿದೆ. ಮನಿ ಮಂದಿ ಎಲ್ಲಾ ನನ್ನ ಕೈ ನೋಡಿದ್ರು, ಬಿರುಕು ಯಾರೂ ನೋಡಲಿಲ್ಲ.

"ಕೈ ಬಿಡು," ಅಂದ್ರು ಅಜ್ಜಿ.

"ಬಿಡಂಗಿಲ್ರಿ," ಅಂದೆ.

ಟಕ್.

ಅಜ್ಜಿ ನನ್ನ ಮುಖಾನ ನೋಡಿದ್ರು. "ನೀ ಅಂದದ್ದಕ್ಕ ಹಲ್ಲಿ ನುಡೀತಲ್ಲ, ಆತು," ಅಂತ ಕೈ ಸಡಿಲ ಬಿಟ್ರು.

ಸಿಗಡಿ ಈಗ ಅದ ಮನ್ಯಾಗ ಬ್ಯಾರೆ ದಪ್ಪ ಪ್ಲಾಸ್ಟಿಕ್ ತೊಟ್ಟಿಯಾಗ, ಒಂದು ತುಂಡು ಹವಳದ ಜೋಡಿ ಐತಿ. ಅಲ್ಲಿ ಹೋದಾಗ ನಾ ಏನು ಹೇಳಿದ್ರೂ ಅಜ್ಜಿ ಮೊದಲು ಆ ತೊಟ್ಟಿ ಕಡೆ ತಿರುಗಿ, ಒಂಚೂರು ಕಾಯ್ತಾರ.