ಓ ಅಂತಿದ್ದ ಕಮಾನು

ಯಾದಗಿರಿ ಗುಡ್ಡದ ಮ್ಯಾಲಿನ ಕೋಟಿ ಒಳಗಿನ ಸಣ್ಣ ಕಮಾನು ಮಳಿ ಹೊಡತಕ್ಕ ಬಿತ್ತು. ಮಗಳು ಫೋನಿನಾಗ ಫೋಟೋ ತೋರಿಸಿದಳು. ಕಲ್ಲಿನ ಗುಂಪಿ, ಅದರ ಮ್ಯಾಲ ಮುರಿದ ಬೇವಿನ ಟೊಂಗಿ. ಉಳಿದ ಕೋಟಿ ಹಂಗೇ ಅದ. ನನಗ ಬೇಕಾಗಿದ್ದು ಅದೊಂದೇ, ಅದೇ ಬಿತ್ತು.

ನಾ ಲಗ್ನ ಆಗಿ ಗಂಡನ ಊರು ಸಗರಕ್ಕ ಬಂದ ದಿನ ಅತ್ತಿ ಹೊಸ್ತಿಲದಾಗ ಅಡ್ಡ ನಿಂತಳು. "ಗಂಡನ ಹೆಸರು ಹೇಳಿ ಒಳಗ ಬಾ" ಅಂದಳು. ನಮ್ಮ ಕಡಿ ಹೆಂಡತಿ ಗಂಡನ ಹೆಸರು ಬಾಯಿಲೆ ತಗೊಳ್ಳೋದಿಲ್ಲ. ಅಂಥಾ ದಿನ ಮಾತ್ರ ಒಡಪು ಅಂತ ಎರಡು ಸಾಲಿನ ಪದ ಕಟ್ಟಿ, ಅದರಾಗ ಹೆಸರು ಹೊಂದಿಸಿ ಹೇಳಬೇಕು. ನನಗ ಒಡಪು ಬರ್ತಿತ್ತು, ಬಾಯಿ ಏಳಲಿಲ್ಲ. ನಿಂತು ನಿಂತು ಕಾಲು ನೊಂದವು. ಹಿತ್ತಲ ಬಾಗಿಲದಿಂದ ಒಳಗ ಹೋಗಿ ಕುಂತೆ. ಬಂದ ಮಂದಿಯೆಲ್ಲಾ ನಕ್ಕರು.

ಅದೇ ಬ್ಯಾಸಗಿಗೆ ನಾವಿಬ್ಬರೂ ಮುಂಬೈಗೆ ಕಟ್ಟಡದ ಕೆಲಸಕ್ಕ ಹೊಂಟಿವಿ. ಶಹಾಪುರದಾಗ ಬಸ್ ಬದಲಿಸಿ ಯಾದಗಿರಿಗೆ ಬಂದರ ರೈಲು ಸಂಜಿಗೆ. ಗಂಟು ಚಹಾದಂಗಡಿಯಾಗ ಇಟ್ಟು ಗುಡ್ಡ ಹತ್ತಿದಿವಿ. ನನ್ನ ಗಂಡ ಮುಂದ ಹೋಗಿ ಆ ಕಮಾನಿನಾಗ ಎರಡೂ ಕೈ ಚಾಚಿ ನಿಂತರು.

"ಇಲ್ಲಿ ಹಿತ್ತಲ ಬಾಗಿಲ ಇಲ್ಲ. ಹೆಸರು ಹೇಳು, ದಾರಿ ಬಿಡ್ತೀನಿ."

"ಆಚಿ ಸರೀರಿ, ರೈಲು ಹೋಗ್ತದ."

"ಹೋಗಲಿ. ನಾಳಿಗೆ ಇನ್ನೊಂದು ಬರ್ತದ."

ಸಿಟ್ಟಿಲೆ ಹೇಳಿಬಿಟ್ಟೆ. ಒಡಪಿಲ್ಲ ಏನಿಲ್ಲ, ದನ ಕರದಂಗ ಬರೇ ಹೆಸರು. ಕಮಾನು ಅದನ್ನ ತಿರುಗಿ ಹೇಳ್ತು, ನನಗಿಂತ ಜೋರಾಗಿ. ನಾ ಬಾಯಿಗೆ ಸೆರಗು ಒತ್ತಿಕೊಂಡೆ. ಅವರು ಕಲ್ಲಿನ ಕಡಿ ಮಾರಿ ಎತ್ತಿ "ಓ" ಅಂದರು. ಅದೂ ತಿರುಗಿ ಬಂತು.

ಆಮ್ಯಾಲ ರೈಲಿಗೆ ಹೋದಾಗೆಲ್ಲಾ ಹಂಗೇ. ಜಗಳಾಡಿ ಮಾತು ಬಿಟ್ಟಿದ್ದರೂ ಗುಡ್ಡ ಹತ್ತೋದು, ಹೆಸರು ಕೂಗೋದು, ಇಳಿದು ರೈಲು ಹಿಡಿಯೋದು. ಮನ್ಯಾಗ ಮಾತ್ರ "ಏನ್ರಿ", ಅಷ್ಟೇ.

ಅವರು ಸತ್ತ ಮ್ಯಾಲ ನನಗ ಯಾರೂ ಒಡಪು ಕೇಳಲಿಲ್ಲ. ಗಂಡ ಸತ್ತಾಕಿಗೆ ಕೇಳೋದಿಲ್ಲ. ಲಗ್ನದ ಮನ್ಯಾಗ ಹೆಣ್ಣುಮಕ್ಕಳು ಒಬ್ಬೊಬ್ಬರೇ ಹೆಸರು ಹೇಳ್ತಾರ, ನನ್ನ ಸರತಿ ಬಂದಾಗ ನನ್ನ ಬಿಟ್ಟು ಮುಂದಿನಾಕಿನ್ನ ಕೇಳ್ತಾರ. ಹಂಗಾಗಿ ಯಾದಗಿರಿಗೆ ಮಗಳ ಮನಿಗೆ ಬಂದಾಗೆಲ್ಲಾ ಗುಡ್ಡ ಹತ್ತಿ ಕಮಾನಿನಾಗ ಕೂಗತಿದ್ದೆ. ತಿರುಗಿ ಬರೋದು ನನ್ನದೇ ದನಿ, ನಾ ಏನು ಹುಚ್ಚಿ ಅಲ್ಲ. ಆದರ ಆ ಹೆಸರು ಕಿವಿಗೆ ಬೀಳ್ತಿತ್ತು. ಈಗ ಬ್ಯಾರೆ ಯಾರೂ ಅದನ್ನ ಕರಿಯೋದಿಲ್ಲ.

ಫೋಟೋ ತೋರಿಸಿ ಮಗಳು ಅಂದಳು, "ಗುಡ್ಡ ಹತ್ತೋ ತ್ರಾಸು ತಪ್ಪಿತು ಬಿಡವ್ವ. ಅಪ್ಪನ ಹೆಸರು ಮನ್ಯಾಗೇ ಕರಿ."

"ಕರದರ ಓ ಅನ್ನೋರು ಯಾರು? ನಿನ್ನ ಗಂಡನಾ?"

ನಕ್ಕಳು. ಆಮ್ಯಾಲ ಫೋನು ಒಳಗಿಟ್ಟಳು.

ಮಳಿ ನಿಂತ ಮ್ಯಾಲ ಹೋಗಿ ನೋಡಿದೆ. ಹಗ್ಗ ಕಟ್ಟಿದ್ದರು, ಒಳಗ ಬಿಡಲಿಲ್ಲ. ಕಾವಲಿನವ ಬೀಡಿ ಹಚ್ಚಾಕ ಆ ಕಡಿ ಹೊಳ್ಳಿದಾಗ ಹಗ್ಗದ ಈಚಿಂದ ಒಮ್ಮೆ ಕೂಗಿದೆ. ಹೆಸರು ಹೋತು. ಬರಲಿಲ್ಲ.

ಕಾವಲಿನವ ತಿರುಗಿ ನೋಡಿದ. "ಯಾರನ್ನ ಕರದಿ ಆಯಿ? ಹಿಂದ ಯಾರರ ಬರಾಕತ್ತಾರೇನು?"

"ಯಾರೂ ಇಲ್ಲಪ್ಪ" ಅಂದು ಇಳಿದು ಬಂದೆ.