ಕಣಗಿಲೆಯ ಬುಡಕ್ಕೆ ಪೂಜೆಯ ನೀರು

ಪುಣೆ ಹತ್ತಿರದ ಭೋಸರಿಯ ನಮ್ಮ ಮನೆಯ ಮುಂದೆ ಬರೀ ಕಲ್ಲು ಬೆರೆತ ಗರಸು ಮಣ್ಣು. ಬೆಳಗಿನಿಂದ ಸಂಜೆಯವರೆಗೆ ಬಿಸಿಲು. ನಲ್ಲಿ ದಿನಕ್ಕೊಮ್ಮೆ ಬರುತ್ತಿತ್ತು. ಬಂತಲ್ಲ, ಶಿವನ ದಯೆ ಎಂದು ಕೊಡ ತುಂಬಿಕೊಳ್ಳುತ್ತಿದ್ದೆ. ಅಂಥ ಕಡೆ ನಾನು ಕಣಗಿಲೆ ಹಚ್ಚಿದ್ದು ಅತ್ತೆಗಾಗಿ.

ಎಪ್ಪತ್ತರ ದಶಕದ ಕೊನೆಯ ವರ್ಷಗಳವು. ಯಜಮಾನರು ಕಾರ್ಖಾನೆಯ ಪಾಳಿಗೆ ಹೋದರೆ ಮನೆಯಲ್ಲಿ ನಾನು ಮತ್ತು ಮೊಲೆ ಕುಡಿಯುವ ಮಗಳು. ಮರಾಠಿ ನನ್ನ ನಾಲಿಗೆಗೆ ಇನ್ನೂ ಹತ್ತಿರಲಿಲ್ಲ. ವಠಾರದ ಹೆಂಗಸರು ನಕ್ಕರೆ ನಾನೂ ನಗುತ್ತಿದ್ದೆ, ಅಷ್ಟೆ. ವಿಜಾಪುರದ ಕಡೆಯಿಂದ ಅತ್ತೆ ಬಂದು ನಿಂತ ಮೇಲೆ ಹಗಲಿಡೀ ಕನ್ನಡ ಕೇಳುವಂತಾಯಿತು. ಬೈದರೂ ಕನ್ನಡದಲ್ಲಿ ಬೈಯುತ್ತಿದ್ದರಲ್ಲ, ನನಗೆ ಅದೇ ದೊಡ್ಡದು.

ಅವರಿಗೆ ಮಾತ್ರ ಇಲ್ಲಿ ಒಗ್ಗಲಿಲ್ಲ. ಲಿಂಗಕ್ಕೆ ಪೇಟೆಯ ಹೂ ಏರಿಸುವಾಗ ದಿನವೂ ಅದೇ ಮಾತು: “ಯಾರು ಹರದ್ರೋ, ಯಾರು ಮೂಸಿದ್ರೋ! ಮನಿ ಹೂ ಇಲ್ಲದ ಇದೆಂಥಾ ಪೂಜಾ? ನಾ ಊರಿಗೆ ಹೋಗ್ತೀನವ್ವಾ.”

ಊರಲ್ಲಿ ಹಿರಿಯ ಮಗನ ಸಂಸಾರ ತುಂಬಿತ್ತು. ಹೋದರೆ ಅವರಿಗೇನೂ ಕೊರತೆಯಿಲ್ಲ. ನಾನು ಮತ್ತೆ ಮೂಕಿಯಾಗಬೇಕು.

ಪಕ್ಕದ ಮನೆಯ ಮಾವಶಿಯ ಹತ್ತಿರ ಕೈಸನ್ನೆ ಮಾಡಿ ಕೆಂಪು ಕಣಗಿಲೆಯ ಟೊಂಗೆ ಬೇಡಿ ತಂದೆ. ನೀರಿಲ್ಲದಿದ್ದರೂ ಬದುಕುವ ಗಿಡ, ವರ್ಷವಿಡೀ ಹಸಿರು, ಆಡೂ ಬಾಯಿ ಹಾಕುವುದಿಲ್ಲ. ಆದರೆ ನನ್ನ ಮನಸ್ಸು ಒಪ್ಪಲಿಲ್ಲ. ಎರೆಹೊಲದ ಊರಿನವಳು ನಾನು, ಗರಸಿನಲ್ಲಿ ಏನು ಬೆಳೆದೀತು ಎಂದು ಗೋಡೆಯ ಬದಿ ತಗ್ಗು ತೋಡಿ, ಕಪ್ಪು ಎರೆಮಣ್ಣು ತರಿಸಿ ತುಂಬಿದೆ. ಟೊಂಗೆ ಚಿಗುರಿತು. ಸೊಂಟದೆತ್ತರ ಬಂತು. ಇನ್ನೇನು ಹೂ ಬಿಟ್ಟೀತೆಂದು ಅತ್ತೆ ಊರಿನ ಮಾತು ಕಡಿಮೆ ಮಾಡಿದರು.

ಅಭಿಷೇಕದ ನೀರು ಕಾಲಡಿ ಸಿಗಬಾರದು, ಗಿಡದ ಬುಡಕ್ಕೇ ಹಾಕಬೇಕು. ಅಂಗಳದಲ್ಲಿದ್ದದ್ದು ಅದೊಂದೇ ಗಿಡ. ಅತ್ತೆಯ ತಂಬಿಗೆ ಅಲ್ಲಿಗೆ; ಅವರನ್ನು ನೋಡಿ ವಠಾರದ ಎಲ್ಲರ ದೇವರ ನೀರೂ ಅಲ್ಲಿಗೆ. ನಾನೂ ಸುಮ್ಮನಿರದೆ ಅಕ್ಕಿ ತೊಳೆದದ್ದನ್ನು ಸುರಿಯುತ್ತಿದ್ದೆ.

ಬೇಸಿಗೆ ಏರುತ್ತಿದ್ದಂತೆ ಎಲೆ ಹಳದಿಯಾದವು. ನನಗೆ ಕೂತಲ್ಲಿ ಕೂರಲಾಗದು. ಒಲೆಯ ಮೇಲೆ ಎಸರಿಟ್ಟು ಹೊರಗೆ ಓಡುವುದು, ಉದುರಿದ ಎಲೆ ಅತ್ತೆಗೆ ಕಾಣದಂತೆ ಆರಿಸುವುದು, ಒಳಗೆ ಬಂದರೆ ಎಸರು ಉಕ್ಕಿರುವುದು. ಅತ್ತೆಗೆ ಕಾಣದೆ ಇರುತ್ತದೆಯೇ? “ಬಿಸಲಿಗೆ ಬಾಯಾರೇದ ಅದಕ್ಕ” ಎಂದು ಇನ್ನೊಂದು ತಂಬಿಗೆ ಹೆಚ್ಚು ಹಾಕಿದರು.

ಮಾವಶಿ ಬಂದವಳು ಬುಡದ ಮಣ್ಣನ್ನು ಚಿವುಟಿ ಹಿಂಡಿದಳು. “ಪಾಣೀ ಜಾಸ್ತ ಝಾಲಂ ಗ!” ನೀರು ಹೆಚ್ಚಾಯಿತು ಎನ್ನುವಷ್ಟು ಮರಾಠಿ ನನಗೂ ತಿಳಿಯಿತು. ಆದರೆ ಲಿಂಗ ತೊಳೆದ ನೀರಿನಿಂದ ಗಿಡ ಸಾಯುತ್ತದೆ ಎಂದು ಅತ್ತೆಗೆ ಹೇಳುವ ಬಾಯಿ ಯಾವುದು? ದೇವರ ಜಗಲಿಯ ಮುಂದೆ ಕೈಮುಗಿದು, ತಪ್ಪಾದರೆ ನೀನೇ ತಡಕೊ ಶಿವನೇ ಎಂದು ಬೇಡಿಕೊಂಡೆ. ಮರುದಿನ ಅವರು ತಂಬಿಗೆ ಬಗ್ಗಿಸುವಾಗ ಕೈ ಅಡ್ಡ ಹಿಡಿದೆ.

“ಅತ್ತೀ, ಬ್ಯಾಡ್ರಿ. ನೀರ ಹೆಚ್ಚಾಗೇದ್ರಿ ಅದಕ್ಕ.”

“ದೇವರ ನೀರು ಹೆಚ್ಚಾತು?” ತಂಬಿಗೆಯನ್ನು ಕಟ್ಟೆಯ ಮೇಲೆ ಕುಕ್ಕಿದರು. “ನಾನೂ ಹೆಚ್ಚಾಗೀನೇನು ನಿನಗ? ಹೇಳಿಬಿಡು, ಮಗ ಬಂದ ಕೂಡಲೆ ಗಾಡಿ ಹತ್ತತೀನಿ.”

ಒಳಗೆ ಹೋಗಿ ಸೀರೆ ಮಡಿಚಿ ಗಂಟು ಕಟ್ಟತೊಡಗಿದರು. ನಾನು ಅಳಲೂ ಇಲ್ಲ. ಕುಡುಗೋಲಿನಿಂದ ಮಣ್ಣು ಬಿಡಿಸಿ ಗಿಡವನ್ನು ಬೇರುಸಮೇತ ಕಿತ್ತೆ. ಬೇರು ಕಪ್ಪಾಗಿ, ಮೆತ್ತಗಾಗಿ, ಗಟಾರದ ವಾಸನೆ ಹೊಡೆಯುತ್ತಿತ್ತು. ಒಯ್ದು ಅವರ ಮುಂದೆ ಇಟ್ಟೆ.

ಅತ್ತೆ ಬೇರನ್ನು ಹಿಚುಕಿ ನೋಡಿದರು. “ಇದರ ತಳಕ್ಕ ನೀರ ಹಿಡಿಯೂ ಎರಿಮಣ್ಣ ಹಾಕಿದ ಶ್ಯಾಣ್ಯಾ ಯಾರು?”

“ನಾನ ರೀ.”

“ಹಳ್ಳದ ದಂಡಿ ಕಲ್ಲಾಗ ಬೆಳಿಯೂ ಗಿಡಕ್ಕ ಬಾವಿ ತೋಡಿ ಕುಂಡ್ರಿಸಿ! ನೀ ಬಾವಿ ತೋಡಿದಿ, ನಾ ನೀರ ತುಂಬಿದೆ. ಛಲೋ ಆತು ಅತ್ತಿ-ಸೊಸಿ ಸೇವಾ.” ನಗು ತಡೆಯಲು ಸೆರಗು ಬಾಯಿಗೆ ಒತ್ತಿಕೊಂಡರು. ಮಡಿಚಿದ ಸೀರೆ ಮಾತ್ರ ಹಾಗೆಯೇ ಇತ್ತು, ನನ್ನ ಕಣ್ಣು ಅದರ ಮೇಲೆಯೇ.

ಹಸಿರು ಉಳಿದ ತುದಿಗಳನ್ನು ಅವರೇ ಕತ್ತರಿಸಿದರು. ತಗ್ಗು ಬಿಟ್ಟು, ದಿಬ್ಬದ ಗರಸಿನಲ್ಲಿ ಒಡೆದ ಇಟ್ಟಂಗಿ ಚೂರುಗಳ ನಡುವೆ ನೆಟ್ಟೆವು. “ಮೊದಲ ಕೈ ತೊಳಕೊ, ಅದರ ಹಾಲು ವಿಷ. ಆಮ್ಯಾಗ ಕೂಸಿನ ಮುಟ್ಟು” ಎಂದರು. ಅಂದಿನಿಂದ ಪೂಜೆಯ ನೀರನ್ನು ಓಣಿಯ ಕೊನೆಯ ಬೇವಿನ ಮರದವರೆಗೆ ಹೊತ್ತು ನಡೆದರು.

ಸಂಜೆ ಯಜಮಾನರು ಸೀರೆಯ ಗಂಟು ನೋಡಿ ಕೇಳಿದರು: “ಯವ್ವಾ, ಟಿಕೀಟ ತಗೀಲೇನು?”

“ಹೂ ಬಿಡಲಿ. ಆಮ್ಯಾಗ ನೋಡೂಣು.”

ನೆಟ್ಟ ತುದಿಗಳು ಆ ವರ್ಷ ಹೂ ಬಿಡುವಂತಿರಲಿಲ್ಲ. ಅದು ನನಗೆ ಗೊತ್ತಿತ್ತು, ನನಗಿಂತ ಹೆಚ್ಚಾಗಿ ಅವರಿಗೆ. ನಾನು ತಲೆ ಎತ್ತದೆ ರೊಟ್ಟಿ ಬಡಿಯುತ್ತ ಕುಳಿತೆ.