ಅರಿಶಿಣದ ಹಾಡಿನಲ್ಲಿ ಅಡಗಿಸಿದ ಗುರುತು

ಕ್ಯಾಸೆಟ್ ಕದಿಯುವವರ ಮೇಲೆ ನಮ್ಮಣ್ಣನಿಗಿದ್ದ ಸಿಟ್ಟು ಮನೆಗೆ ಕನ್ನ ಹಾಕುವವರ ಮೇಲೂ ಇರಲಿಲ್ಲ. ತೊಂಬತ್ತರ ದಶಕದ ಕೊನೆಯ ಮಾತು. ದಾವಣಗೆರೆಯ ನಿಟ್ಟುವಳ್ಳಿಯಲ್ಲಿ ಅವನದೊಂದು ಕ್ಯಾಸೆಟ್ ಅಂಗಡಿ. ಅವ್ವ ಹಾಡಿದ ಸೋಬಾನೆ ಪದಗಳನ್ನು ರೆಕಾರ್ಡ್ ಮಾಡಿ ಮಾರುತ್ತಿದ್ದ. ವಾರ ಕಳೆಯುವುದರೊಳಗೆ ಹರಿಹರದ ಬಸ್ ಸ್ಟ್ಯಾಂಡಿನಲ್ಲಿ ನಕಲು ಹಾಜರು. ಕೇಳಲು ಹೋದರೆ, "ಸೋಬಾನೆ ಏನ್ ನಿಮ್ಮಪ್ಪನ ಆಸ್ತಿ ಏನ್ರಿ? ಎಲ್ರೂ ಹಾಡ್ತಾರೆ" ಎಂದು ಅಂಗಡಿಯವನು ಗದರಿಸಿ ಕಳಿಸುತ್ತಿದ್ದ.

ಹಾಡಿನೊಳಗೆ ಕಿವಿಗೆ ಕೇಳದ ಡಿಜಿಟಲ್ ಗುರುತು ಅಡಗಿಸುತ್ತಾರಂತೆ, ನಕಲು ಮಾಡಿದರೂ ಅದು ಅಳಿಸುವುದಿಲ್ಲವಂತೆ ಎಂದು ಅಣ್ಣ ಪೇಪರಿನಲ್ಲಿ ಓದಿಕೊಂಡು ಬಂದ. ನಮ್ಮಲ್ಲಿದ್ದದ್ದು ಒಂದು ಹಳೇ ಟೇಪ್ ಡೆಕ್. "ಬೇರೆ ಯಾರೂ ಹಾಡದ ಒಂದು ಸಾಲು ಸೇರ್ಸವ್ವ, ಅದೇ ನಮ್ಮ ಗುರುತು" ಎಂದ.

ಅಪ್ಪ ಹೋದ ಮೇಲೆ ಅವ್ವ ಮದುವೆ ಮನೆಗಳಲ್ಲಿ ಬಾಗಿಲ ಮರೆಯಲ್ಲಿ ಕೂತು ಹಾಡುತ್ತಿದ್ದಳು. ಮದುಮಗಳಿಗೆ ಅರಿಶಿಣ ಹಚ್ಚಲು ಮುತ್ತೈದೆಯರೇ ಆಗಬೇಕು. ಆಗ ನನ್ನ ಮದುವೆಯೂ ಗೊತ್ತಾಗಿತ್ತು. ಅವ್ವ ಹಚ್ಚದ ಅರಿಶಿಣ ನನಗೆ ಬೇಡವೆಂದು ಜಗಳ ತೆಗೆದಿದ್ದೆ. "ಸುಮ್ನಿರು, ಬೀಗರು ಏನಂದಾರು" ಎಂದು ಬಾಯಿ ಮುಚ್ಚಿಸಿದ್ದಳು. ಅದೇ ಅವ್ವ ರೆಕಾರ್ಡಿಂಗ್ ದಿನ, ಸೋದರತ್ತೆ ಹಚ್ಚಿದಳು, ಅತ್ತಿಗೆ ಹಚ್ಚಿದಳು ಎಂಬ ಸಾಲುಗಳ ನಡುವೆ, "ಬಳೆಯಿಲ್ಲದ ಕೈಲಿ ಹಡೆದವ್ವ ಹಚ್ಯಾಳ" ಎಂದು ಸೇರಿಸಿ ಹಾಡಿಬಿಟ್ಟಳು. ನಾನು ಅವಳ ಬರಿಗೈಯನ್ನೇ ನೋಡಿದೆ. ಅಣ್ಣ ಮಾತ್ರ, "ಭೇಷ್! ಇಂಥಾದ್ದು ಯಾರೂ ಹಾಡಂಗಿಲ್ಲ" ಎಂದು ಕುಣಿದ.

ಹರಿಹರದಲ್ಲಿ ಇದರದೂ ನಕಲು ಬಂತು. ಅಣ್ಣ ಆ ಕ್ಯಾಸೆಟ್ಟನ್ನೇ ಹಾಕಿಸಿ ಆ ಸಾಲು ಕೇಳಿಸಿದಾಗ ಅಂಗಡಿಯ ಆಸಾಮಿ ಉಳಿದ ನಕಲುಗಳನ್ನು ಒಳಗೆ ಸರಿಸಿದ. ಆದರೆ ಅಷ್ಟರಲ್ಲಿ ಕಳ್ಳ ಕ್ಯಾಸೆಟ್ಟು ಸುತ್ತಲಿನ ಹಳ್ಳಿಗಳನ್ನೆಲ್ಲ ಸೇರಿಯಾಗಿತ್ತು.

ನನ್ನ ಅರಿಶಿಣದ ಶಾಸ್ತ್ರಕ್ಕೆ ಬೀಗರ ಕಡೆಯ ಹೆಂಗಸರು ಭಾನುವಳ್ಳಿಯಿಂದ ಬಂದರು. ಬಂದವರೇ ಹಾಡಲು ಶುರು ಮಾಡಿದರು. ಕ್ಯಾಸೆಟ್ ಕೇಳಿ ಕಲಿತ ಹಾಡು. ಯಾರದೆಂದು ಅವರಿಗೆ ಗೊತ್ತಿಲ್ಲ. ಅವ್ವನ ಸಾಲನ್ನೂ ಅಳುಕಿಲ್ಲದೆ ಹಾಡಿದರು. ನನ್ನ ಅತ್ತೆಯಾಗುವವರು ಸುತ್ತ ನೋಡಿ, "ಹಡೆದವ್ವ ಎಲ್ಲಿ? ಬರ್ರಿ ಬೀಗರೇ, ಹಚ್ರಿ" ಎಂದು ಕರೆದರು.

ಅವ್ವ ಬಾಗಿಲಲ್ಲೇ ನಿಂತಳು. "ನಾನು ಹಚ್ಚಂಗಿಲ್ರಿ."

"ಯಾಕ ಹಚ್ಚಂಗಿಲ್ಲ? ಹಾಡಿನಾಗ ಐತಲ್ರಿ. ಹಿಂದಿನೋರು ಸುಮ್ನೆ ಕಟ್ಯಾರೇನು?"

ಹಿಂದಿನವರಂತೆ! ಅಣ್ಣ ಹೇಳಲು ಬಾಯಿ ತೆರೆದ. ನಾನು ಕಣ್ಣಲ್ಲೇ ಗದರಿಸಿದೆ. ಆ ಹಾಡು ತನ್ನದೆಂದು ಅವನು ಹೇಳದೆ ಬಿಟ್ಟದ್ದು ಅದೊಂದೇ ಸಲ. ಅವ್ವ ಬಂದು ಅರಿಶಿಣದ ಬಟ್ಟಲಿಗೆ ಕೈ ಹಾಕಿದಳು.